ಗೃಹಸ್ಥರ ವ್ಯವಹಾರಜ್ಞಾನ: ಬಿಡುವುದಕ್ಕೆ ಮುಂಚೆ ತಿಳಿಸುವುದು

ಮನೆಯನ್ನು ಹಿಡಿಯುವಾಗ ನಾವು ವಹಿಸುವ ಎಚ್ಚರಿಕೆಯಲ್ಲಿ ಅರ್ಧದಷ್ಟನ್ನಾದರೂ ಅದನ್ನು ಬಿಡುವಾಗ ವಹಿಸುವುದಿಲ್ಲ. ಹಿಡಿಯುವಾಗ ನೀರು ದಿನವೂ ಬರುವುದೋ ದಿನ ಬಿಟ್ಟು ದಿನ ಬರುವುದೋ ಎಂದು ನಾಲ್ಕು ಜನರನ್ನು ವಿಚಾರಿಸುತ್ತೇವೆ. ಬಾಗಿಲು ಯಾವ ದಿಕ್ಕಿಗಿದೆಯೆಂದು ನೋಡುತ್ತೇವೆ. ಮುಂಗಡವನ್ನು ಎರಡು ಸಲ ಎಣಿಸಿ ಕೊಡುತ್ತೇವೆ. ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸುತ್ತೇವೆ. ಬಿಡುವಾಗಲಾದರೋ ಮೆಟ್ಟಿಲ ಬಳಿ ಎದುರಾದ ಮನೆಯ ಯಜಮಾನರಿಗೆ, "ಬರುವ ತಿಂಗಳು ನಾವು ಹೊರಡುವ ಹಾಗಿದೆ" ಎಂದು ಒಂದು ಮಾತು ಹೇಳಿದರೆ ಆಯಿತೆಂದು ತಿಳಿದುಕೊಳ್ಳುತ್ತೇವೆ. ಉದ್ಯೋಗದ ವಿಷಯವೂ ಹೀಗೆಯೇ. ಸೇರುವಾಗ ಅರ್ಜಿ, ಪ್ರಮಾಣಪತ್ರ, ನೇಮಕದ ಆಜ್ಞೆ ಎಲ್ಲವೂ ಕಾಗದದ ಮೇಲೆ ನಡೆಯುತ್ತವೆ. ಬಿಡುವಾಗ ಮಾತ್ರ ಮುನಿಸೋ ಆತುರವೋ ಮುಂದಾಗಿ ಕಾಗದವು ಹಿಂದೆ ಬೀಳುತ್ತದೆ.

ತಕರಾರುಗಳು ಹುಟ್ಟುವುದು ಇಲ್ಲಿಯೇ. ಸಂಬಂಧವು ಚೆನ್ನಾಗಿ ನಡೆಯುತ್ತಿರುವಷ್ಟು ಕಾಲ ಯಾರೂ ಕರಾರು ಪತ್ರವನ್ನು ಪೆಟ್ಟಿಗೆಯಿಂದ ಹೊರಕ್ಕೆ ತೆಗೆಯುವುದಿಲ್ಲ. ಅದು ಮುಗಿಯುವ ದಿನ ಬಂದಾಗಲೇ ಯಾರು ಯಾರಿಗೆ ಏನು ಹೇಳಿದರು, ಯಾವ ದಿನ ಹೇಳಿದರು, ಹೇಳಿದುದಕ್ಕೆ ಸಾಕ್ಷಿಯೇನು ಎಂಬ ಪ್ರಶ್ನೆಗಳು ಏಳುತ್ತವೆ. ಆದಕಾರಣ ಬಾಡಿಗೆಯನ್ನಾಗಲಿ ಉದ್ಯೋಗವನ್ನಾಗಲಿ ಕೊನೆಗೊಳಿಸುವವರು ಕೊಡಬೇಕಾದ ಮುನ್ಸೂಚನೆಯ ವಿಚಾರವನ್ನು, ಅಂದರೆ ಎಲ್ಲರ ಬಾಯಲ್ಲಿಯೂ ಇರುವ 'ನೋಟೀಸಿನ' ವಿಚಾರವನ್ನು, ಈ ತಿಂಗಳು ವಾಚಕರ ಮುಂದಿಡುತ್ತೇವೆ.

ನೋಟೀಸೆಂದರೆ ಜಗಳದ ಆರಂಭವೆಂದು ನಮ್ಮ ಜನರಲ್ಲಿ ಒಂದು ಭಾವನೆ ಬೇರೂರಿದೆ. "ನನಗೇ ನೋಟೀಸು ಕೊಟ್ಟನೇ!" ಎಂದು ಮುಖ ಕೆಂಪಗೆ ಮಾಡಿಕೊಳ್ಳುವವರನ್ನು ನೋಡಿದ್ದೇವೆ. ಇದು ತಪ್ಪು ತಿಳಿವಳಿಕೆ. ನೋಟೀಸೆಂದರೆ ಎದುರಿನವರಿಗೆ ಕೊಡುವ ಕಾಲಾವಕಾಶ. ಬಾಡಿಗೆಯ ಹಣದಿಂದಲೇ ಸಂಸಾರ ಸಾಗಿಸುತ್ತಿರುವ ಮುದುಕಿಗೆ ಬೇರೊಬ್ಬ ಬಾಡಿಗೆದಾರನನ್ನು ಹುಡುಕಿಕೊಳ್ಳಲು ದಿನಗಳು ಬೇಕು. ಶಾಲೆಗೆ ಹೋಗುವ ಮಕ್ಕಳುಳ್ಳವನಿಗೆ ಬೇರೆ ಮನೆ ನೋಡಿಕೊಳ್ಳಲು ದಿನಗಳು ಬೇಕು. ಆ ದಿನಗಳನ್ನು ಕೊಟ್ಟೆನೆಂಬುದಕ್ಕೆ ಇರುವ ಗುರುತೇ ನೋಟೀಸು. ಸ್ನೇಹದಿಂದಲೇ ಬರೆದು ಸ್ನೇಹದಿಂದಲೇ ತೆಗೆದುಕೊಳ್ಳಬಹುದಾದ ಪತ್ರವಿದು.

ಬಾಯಿಮಾತು ಸಾಲದೇಕೆ?

ಒಂದು ನಿದರ್ಶನವನ್ನು ಊಹಿಸಿಕೊಳ್ಳೋಣ. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ತನ್ನ ಮನೆಯ ಮೇಲಂತಸ್ತನ್ನು ಬಾಡಿಗೆಗೆ ಕೊಟ್ಟಿದ್ದಾಳೆ. ಮೇಲೆ ಇರುವಾತನು ಒಂದು ಕಚೇರಿಯ ಗುಮಾಸ್ತ; ಒಳ್ಳೆಯ ಮನುಷ್ಯ. ಅವನಿಗೆ ಬೇರೆ ಊರಿಗೆ ವರ್ಗವಾಗುತ್ತದೆ. "ಅಮ್ಮಾ, ನನಗೆ ವರ್ಗವಾಗುವ ಸಂಭವವಿದೆ" ಎಂದು ಅವನು ಹಬ್ಬದ ದಿನ ಹೇಳಿದನು. ತಾನು ತಿಳಿಸಿಯಾಯಿತೆಂದು ಅವನ ಎಣಿಕೆ. ಆಕೆಯಾದರೋ, ಸಂಭವವಿದೆಯೆಂದನೇ ಹೊರತು ಹೊರಡುತ್ತೇನೆನ್ನಲಿಲ್ಲವೆಂದು ಸುಮ್ಮನಿದ್ದಳು. ಎರಡು ತಿಂಗಳ ತರುವಾಯ ಅವನು ಸಾಮಾನುಗಳನ್ನು ಲಾರಿಗೆ ಏರಿಸಿ ಮುಂಗಡವನ್ನು ಕೇಳಿದಾಗ ಆಕೆಯ ಕೈಯಲ್ಲಿ ಹಣವಿಲ್ಲ. ಮಗಳ ಬಾಣಂತನಕ್ಕೆ ಖರ್ಚಾಗಿದೆ. "ಮುಂಚೆ ಹೇಳಿದ್ದರೆ ಒದಗಿಸಿಕೊಳ್ಳುತ್ತಿದ್ದೆ" ಎಂದು ಆಕೆ, "ಹಬ್ಬದ ದಿನವೇ ಹೇಳಿದೆನಲ್ಲ" ಎಂದು ಅವನು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೂ ಐದು ವರ್ಷದ ವಿಶ್ವಾಸವು ಒಂದು ಮಧ್ಯಾಹ್ನದಲ್ಲಿ ಮುರಿದುಬಿತ್ತು. ನಾಲ್ಕು ಸಾಲಿನ ಒಂದು ಕಾಗದವಿದ್ದಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಕಾನೂನು ಸಹ ಇದನ್ನೇ ಹೇಳುತ್ತದೆ. ನಮ್ಮ ದೇಶದಲ್ಲಿ ಬಾಡಿಗೆ ಗೇಣಿಗಳ ಸಾಮಾನ್ಯ ನಿಯಮಗಳು ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯಲ್ಲಿವೆ. ಅದರ ೧೦೬ನೆಯ ಕಲಮಿನ ಪ್ರಕಾರ ಬಾಡಿಗೆಯನ್ನು ಕೊನೆಗೊಳಿಸುವ ನೋಟೀಸು ಬರಹದಲ್ಲಿರತಕ್ಕದ್ದು. ಕೊಡುವವನು ಅಥವಾ ಅವನ ಪರವಾಗಿ ಅಧಿಕಾರವುಳ್ಳವನು ಅದಕ್ಕೆ ರುಜು ಮಾಡಿರತಕ್ಕದ್ದು. ಈ ನಿಯಮವು ಯಜಮಾನನಿಗೂ ಬಾಡಿಗೆದಾರನಿಗೂ ಸಮಾನ. ವಕೀಲರೇ ಬರೆಯಬೇಕೆಂಬ ನಿರ್ಬಂಧವಿಲ್ಲ, ಛಾಪಾ ಕಾಗದವೂ ಬೇಕಿಲ್ಲ. ಬಿಳಿಯ ಹಾಳೆ ಸಾಕು.

ಎಷ್ಟು ದಿನ ಮುಂಚೆ?

ಮೊದಲು ಕರಾರು ಪತ್ರವನ್ನು ನೋಡಿರಿ. ಒಂದು ತಿಂಗಳೋ ಎರಡು ತಿಂಗಳೋ ಮೂರು ತಿಂಗಳೋ, ಅದರಲ್ಲಿ ಬರೆದಿರುವ ಅವಧಿಯೇ ನಿಮಗೆ ಕಾನೂನು. ಪತ್ರದಲ್ಲಿ ಏನೂ ಹೇಳದಿದ್ದರೆ, ಅಥವಾ ಪತ್ರವೇ ಇಲ್ಲದಿದ್ದರೆ, ೧೦೬ನೆಯ ಕಲಮು ಮುಂದೆ ಬರುತ್ತದೆ. ವಾಸಕ್ಕಾಗಿ ಅಥವಾ ಅಂಗಡಿಗಾಗಿ ಕೊಟ್ಟ ಕಟ್ಟಡವು ತಿಂಗಳ ಲೆಕ್ಕದ ಬಾಡಿಗೆಯೆಂದು ಎಣಿಸಲ್ಪಟ್ಟು, ಹದಿನೈದು ದಿನಗಳ ನೋಟೀಸಿನಿಂದ ಕೊನೆಗಾಣುತ್ತದೆ. ಬೇಸಾಯಕ್ಕಾಗಲಿ ಸಾಮಾನುಗಳ ತಯಾರಿಕೆಗಾಗಲಿ ಕೊಟ್ಟುದಾದರೆ ವರ್ಷದ ಲೆಕ್ಕವೆಂದು ಎಣಿಸಿ ಆರು ತಿಂಗಳ ನೋಟೀಸು ಕೊಡಬೇಕು.

ಈ ಹದಿನೈದು ದಿನಗಳನ್ನು ಎಣಿಸುವುದರಲ್ಲಿಯೇ ಹಿಂದೆ ಎಷ್ಟೋ ಮೊಕದ್ದಮೆಗಳು ಮುಳುಗಿದವು. ಮೊದಲಿದ್ದ ನಿಯಮದ ಪ್ರಕಾರ ನೋಟೀಸಿನ ಅವಧಿಯು ಬಾಡಿಗೆಯ ತಿಂಗಳ ಕೊನೆಯ ದಿನವೇ ಮುಗಿಯಬೇಕಾಗಿತ್ತು. ಹತ್ತನೆಯ ತಾರೀಖು ಮನೆಗೆ ಬಂದವನ ಬಾಡಿಗೆ ತಿಂಗಳು ಮುಗಿಯುವುದು ಮುಂದಿನ ಒಂಬತ್ತನೆಯ ತಾರೀಖು. ನೋಟೀಸಿನಲ್ಲಿ ಮೂವತ್ತನೆಯ ತಾರೀಖೆಂದು ಬರೆದಿದ್ದರೆ ಅದು ಅಸಿಂಧುವಾಗಿ, ವರ್ಷಗಟ್ಟಲೆ ನಡೆದ ದಾವಾ ಒಂದು ತಾರೀಖಿನ ತಪ್ಪಿಗಾಗಿ ವಜಾ ಆಗುವುದುಂಟಾಗಿತ್ತು. ಈ ತೊಡಕನ್ನು ನಿವಾರಿಸಲೆಂದು ಆ ಕಲಮನ್ನು ತಿದ್ದಿ, ತಿದ್ದುಪಡಿಯನ್ನು ೨೦೦೨ನೆಯ ಡಿಸೆಂಬರ್ ೩೧ರಿಂದ ಜಾರಿಗೆ ತಂದರು. ಈಗ ತಿಂಗಳ ಕೊನೆಗೆ ಹೊಂದಿಸಬೇಕಾದುದಿಲ್ಲ. ನೋಟೀಸು ಎದುರಿನವರಿಗೆ ತಲಪಿದ ದಿನದಿಂದ ಅವಧಿ ಮೊದಲಾಗುತ್ತದೆ. ಜೂನ್ ೩ರಂದು ಕಾಗದ ತಲಪಿತೆಂದರೆ, ಆ ದಿನವನ್ನು ಬಿಟ್ಟು ಎಣಿಸಿದಲ್ಲಿ ಜೂನ್ ೧೮ಕ್ಕೆ ಹದಿನೈದು ದಿನ ತುಂಬುತ್ತದೆ. ನೋಟೀಸಿನಲ್ಲಿ ಕಾಣಿಸಿದ ದಿನಗಳು ಕಡಿಮೆಯಾಗಿದ್ದರೂ, ದಾವಾ ಹೂಡುವ ಹೊತ್ತಿಗೆ ಪೂರ್ಣ ಅವಧಿ ಕಳೆದಿದ್ದರೆ, ಅದೊಂದೇ ಕಾರಣದಿಂದ ನೋಟೀಸು ಕೆಡುವುದಿಲ್ಲ.

ನೀವು ಕಾಗದವನ್ನು ಅಂಚೆಗೆ ಹಾಕಿದ ದಿನವಲ್ಲ, ಅದು ಎದುರಿನವರಿಗೆ ತಲಪಿದ ದಿನವೇ ಮುಖ್ಯವೆಂಬುದನ್ನು ಮರೆಯಬಾರದು. ಕೊನೆಯ ದಿನದವರೆಗೆ ಕಾಯದೆ ನಾಲ್ಕು ದಿನ ಮೊದಲೇ ಕಳುಹಿಸುವುದು ಜಾಣತನ.

ಹನ್ನೊಂದು ತಿಂಗಳ ಕರಾರು

ನಮ್ಮ ಪಟ್ಟಣಗಳಲ್ಲಿ ಬಾಡಿಗೆಯ ಕರಾರುಗಳೆಲ್ಲ ಹನ್ನೊಂದು ತಿಂಗಳಿಗೇ ಏಕೆ ಆಗುತ್ತವೆಯೆಂದು ಬಹುಜನ ವಾಚಕರು ಯೋಚಿಸಿರಬಹುದು. ಒಂದು ವರ್ಷವನ್ನು ಮೀರುವ ಗುತ್ತಿಗೆಯನ್ನು ನೋಂದಾಯಿಸಿದ ಪತ್ರದ ಮೂಲಕವೇ ಮಾಡಬೇಕೆಂದು ಅದೇ ಕಾಯಿದೆಯ ೧೦೭ನೆಯ ಕಲಮೂ ೧೯೦೮ರ ನೋಂದಣಿ ಕಾಯಿದೆಯೂ ವಿಧಿಸುತ್ತವೆ. ಆ ಖರ್ಚನ್ನೂ ತೊಂದರೆಯನ್ನೂ ತಪ್ಪಿಸಿಕೊಳ್ಳುವುದಕ್ಕಾಗಿ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಮೂರು ವರ್ಷಕ್ಕೆಂದು ಬರೆದು ನೋಂದಾಯಿಸದೆ ಬಿಟ್ಟರೆ, ಆ ಮೂರು ವರ್ಷದ ಅವಧಿಯನ್ನು ಕೋರ್ಟಿನಲ್ಲಿ ಸಾಧಿಸಲಾಗುವುದಿಲ್ಲ; ಬಾಡಿಗೆಯು ತಿಂಗಳ ಲೆಕ್ಕಕ್ಕೆ ಇಳಿಯುತ್ತದೆ. ಮೂರು ವರ್ಷ ನಿಶ್ಚಿಂತೆಯೆಂದು ನಂಬಿ, ಮನೆಗೆ ಸ್ವಂತ ಖರ್ಚಿನಿಂದ ಅಲಮಾರುಗಳನ್ನು ಕೂಡಿಸಿದ ಬಾಡಿಗೆದಾರನಿಗೆ ಇದರಿಂದ ನಷ್ಟ.

ಅವಧಿ ನಿರ್ಧರಿಸಿದ ಕರಾರಿನಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದು, ಅವಧಿ ಮುಗಿದೊಡನೆ ಬಾಡಿಗೆ ತಾನಾಗಿಯೇ ಕೊನೆಗಾಣುತ್ತದೆ; ಅದಕ್ಕಾಗಿ ನೋಟೀಸು ಬೇಕೆಂದು ಕಾನೂನು ಹೇಳುವುದಿಲ್ಲ. ಆದರೆ ಅವಧಿಯ ನಡುವೆ ಬಿಡಬೇಕಾದರೆ ಅದಕ್ಕೆ ಕರಾರಿನಲ್ಲಿ ಅವಕಾಶ ಬರೆದಿರಬೇಕು. ಬರೆದಿಲ್ಲದಿದ್ದರೆ ಹದಿನೈದು ದಿನದ ನೋಟೀಸು ಕೊಟ್ಟು ನಡುವೆ ಹೊರಡುವ ಹಕ್ಕು ಬಾಡಿಗೆದಾರನಿಗೂ ಇಲ್ಲ, ಹೊರಡಿಸುವ ಹಕ್ಕು ಯಜಮಾನನಿಗೂ ಇಲ್ಲ. ವರ್ಗವಾಗುವ ಉದ್ಯೋಗದಲ್ಲಿರುವವರು ರುಜು ಮಾಡುವ ಮೊದಲೇ ಈ ಒಂದು ಸಾಲನ್ನು ಸೇರಿಸಿಕೊಳ್ಳತಕ್ಕದ್ದು.

ಎರಡನೆಯದು, ಹನ್ನೊಂದು ತಿಂಗಳು ಮುಗಿದ ಮೇಲೆಯೂ ಬಾಡಿಗೆದಾರನು ಇದ್ದುಕೊಂಡು, ಯಜಮಾನನು ಒಪ್ಪಿ ಬಾಡಿಗೆಯನ್ನು ತೆಗೆದುಕೊಳ್ಳುತ್ತಾ ಹೋದರೆ, ೧೧೬ನೆಯ ಕಲಮಿನ ಮೇರೆಗೆ ಅದು ತಿಂಗಳ ಲೆಕ್ಕದ ಬಾಡಿಗೆಯಾಗಿ ಮುಂದುವರಿಯುತ್ತದೆ. ನಮ್ಮ ಮನೆಗಳಲ್ಲಿ ಬಹುಪಾಲು ಈ ಸ್ಥಿತಿಯಲ್ಲಿಯೇ ಇವೆ: ಪತ್ರವು ಮೂರು ವರ್ಷದ ಹಿಂದಿನದು, ಬಾಡಿಗೆ ಮಾತ್ರ ಇಂದಿನದು. ಇಂಥವರು ಹಳೆಯ ಪತ್ರದಲ್ಲಿ ಎರಡು ತಿಂಗಳೆಂದಿದ್ದರೆ ಎರಡು ತಿಂಗಳ ನೋಟೀಸನ್ನೇ ಕೊಡುವುದು ಕ್ಷೇಮ. ಹೆಚ್ಚು ದಿನ ಕೊಟ್ಟವನನ್ನು ಯಾರೂ ಕೋರ್ಟಿಗೆ ಎಳೆಯುವುದಿಲ್ಲ.

ಇನ್ನೊಂದು ವಿಷಯವನ್ನು ಯಜಮಾನರು ಗಮನಿಸಬೇಕು. ಕಡಿಮೆ ಬಾಡಿಗೆಯ ಮನೆಗಳಿಗೆ ೧೯೯೯ರ ಕರ್ನಾಟಕ ಬಾಡಿಗೆ ಕಾಯಿದೆಯ ರಕ್ಷಣೆಯುಂಟು. ಆ ಕಾಯಿದೆಯಲ್ಲಿ ಹೇಳಿದ ದೊಡ್ಡ ಪಟ್ಟಣಗಳಲ್ಲಿ ತಿಂಗಳಿಗೆ ೩,೫೦೦ ರೂಪಾಯಿ, ಇತರ ಕಡೆ ೨,೦೦೦ ರೂಪಾಯಿ, ಇದನ್ನು ಮೀರಿದ ಬಾಡಿಗೆಯ ಮನೆಗಳು ಅದರಿಂದ ಹೊರಗೆ. ಈ ರಕ್ಷಣೆಯೊಳಗೆ ಬರುವ ಮನೆಯನ್ನು ಬರಿಯ ನೋಟೀಸಿನಿಂದ ಬಿಡಿಸಲಾಗದು. ಕಾಯಿದೆಯಲ್ಲಿ ಎಣಿಸಿದ ಕಾರಣಗಳಲ್ಲಿ ಒಂದನ್ನು ಕೋರ್ಟಿನ ಮುಂದೆ ಸ್ಥಾಪಿಸಬೇಕು. ಬಾಡಿಗೆ ನಿಯಂತ್ರಣದ ಕಾಯಿದೆಗಳ ಅಡಿಯಲ್ಲಿ ಮನೆ ಬಿಡಿಸಲು ೧೦೬ನೆಯ ಕಲಮಿನ ನೋಟೀಸು ಅವಶ್ಯವಲ್ಲವೆಂದು ಸುಪ್ರೀಂ ಕೋರ್ಟಿನ ಏಳು ಮಂದಿ ನ್ಯಾಯಾಧೀಶರ ಪೀಠವು ೧೯೭೯ರಲ್ಲಿ ತೀರ್ಪಿತ್ತಿದೆ. ಹಳೆಯ ಬಾಡಿಗೆದಾರರುಳ್ಳವರು ಮೊದಲೇ ವಕೀಲರನ್ನು ಕೇಳಿ ತಮ್ಮ ಮನೆ ಯಾವ ಕಾಯಿದೆಗೆ ಒಳಪಟ್ಟದ್ದೆಂದು ತಿಳಿದುಕೊಳ್ಳಲಿ.

ತಲಪಿಸುವ ಬಗೆ

ಕಾಗದವನ್ನು ಬರೆದರೆ ಸಾಲದು, ತಲಪಿತೆಂಬುದಕ್ಕೆ ಗುರುತಿರಬೇಕು. ಕಾಯಿದೆಯು ಕೆಲವು ದಾರಿಗಳನ್ನು ಹೇಳಿದೆ: ಅಂಚೆಯ ಮೂಲಕ ಕಳುಹಿಸಬಹುದು; ಎದುರಿನವರ ಕೈಗೇ ಕೊಡಬಹುದು; ಅವರ ವಾಸದ ಮನೆಯಲ್ಲಿ ಕುಟುಂಬದವರೊಬ್ಬರಿಗೆ ಅಥವಾ ಆಳಿಗೆ ಕೊಡಬಹುದು; ಇವು ಸಾಧ್ಯವಾಗದಿದ್ದರೆ ಆ ಮನೆಯ ಎದ್ದುಕಾಣುವ ಜಾಗದಲ್ಲಿ ಅಂಟಿಸಬಹುದು.

ಸ್ನೇಹವಿರುವಲ್ಲಿ ಕೈಗೆ ಕೊಡುವುದೇ ಉತ್ತಮ. ಎರಡು ಪ್ರತಿಗಳನ್ನು ಬರೆದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ "ತಲಪಿತು" ಎಂದು ತಾರೀಖು ಸಹಿತ ರುಜು ಪಡೆದು ಇಟ್ಟುಕೊಳ್ಳಬೇಕು. ರುಜು ಕೇಳಲು ಸಂಕೋಚವಾಗುವುದಾದರೆ, ಅಥವಾ ಅವರು ರುಜು ಮಾಡಲು ಒಪ್ಪದಿದ್ದರೆ, ಅಂಚೆಯೇ ಗತಿ. ಹಿಂದಿನಿಂದ ನಡೆದುಬಂದ ರಿಜಿಸ್ಟರ್ ಅಂಚೆಯನ್ನು ೨೦೨೫ನೆಯ ಸೆಪ್ಟೆಂಬರ್ ೧ರಿಂದ ಸ್ಪೀಡ್ ಪೋಸ್ಟಿನೊಡನೆ ಒಂದುಗೂಡಿಸಿದ್ದಾರೆ. ಆದುದರಿಂದ ಅಂಚೆ ಮನೆಯಲ್ಲಿ ಸ್ಪೀಡ್ ಪೋಸ್ಟನ್ನೇ ನೋಂದಣಿ ಸಹಿತವಾಗಿ, ತಲಪಿದುದರ ಪುರಾವೆಯೊಡನೆ ಮಾಡಿಕೊಡಬೇಕೆಂದು ಕೇಳಿರಿ. ಕೊಟ್ಟ ರಶೀದಿಯನ್ನು ಕಾಗದದ ನಕಲಿಗೆ ಅಂಟಿಸಿ ಇಡಿರಿ.

ಕೆಲವರು ಪತ್ರ ಬಂದಾಗ ತೆಗೆದುಕೊಳ್ಳದೆ ಹಿಂದಕ್ಕೆ ಕಳುಹಿಸಿ ತಾವು ಗೆದ್ದೆವೆಂದು ತಿಳಿಯುತ್ತಾರೆ. ೧೮೯೭ರ ಸಾಮಾನ್ಯ ಖಂಡಗಳ ಕಾಯಿದೆಯ ೨೭ನೆಯ ಕಲಮು ಇಂಥವರಿಗೆ ಆಸರೆಯಾಗುವುದಿಲ್ಲ. ಸರಿಯಾದ ವಿಳಾಸ ಬರೆದು, ಪೂರ್ಣ ಶುಲ್ಕ ಕೊಟ್ಟು, ನೋಂದಾಯಿಸಿ ಅಂಚೆಗೆ ಹಾಕಿದ ಪತ್ರವು ತಲಪಿತೆಂದೇ ಕಾನೂನು ಭಾವಿಸುತ್ತದೆ. ತಲಪಲಿಲ್ಲವೆನ್ನುವವನ ಮೇಲೆ ಅದನ್ನು ತೋರಿಸುವ ಹೊಣೆ ಬೀಳುತ್ತದೆ. ಪತ್ರವನ್ನು ನಿರಾಕರಿಸಿದವನು ಅದರಲ್ಲಿ ಏನು ಬರೆದಿತ್ತೆಂಬುದನ್ನು ತಿಳಿಯುವ ಅವಕಾಶವೊಂದನ್ನೇ ಕಳೆದುಕೊಂಡಂತಾಯಿತು.

ಈಗಿನ ಕಾಲದಲ್ಲಿ ಮೊಬೈಲಿನ ವಾಟ್ಸಾಪಿನಲ್ಲಿ ಒಂದು ಸಾಲು ಬರೆದು ಹಾಕುವುದು ವಾಡಿಕೆಯಾಗಿದೆ. ಅದನ್ನು ಬೇಡವೆನ್ನುವುದಿಲ್ಲ, ಅದೂ ಒಂದು ಸಾಕ್ಷಿಯಾಗಬಹುದು. ಆದರೆ ಕಾಯಿದೆಯು ಹೆಸರಿಸಿರುವುದು ರುಜುವುಳ್ಳ ಬರಹವನ್ನೂ ಅಂಚೆಯನ್ನೂ ಕೈಗೊಪ್ಪಿಸುವುದನ್ನೂ. ಮೊಬೈಲಿನ ಮಾತನ್ನು ಕಾಗದದ ಜೊತೆಗೆ ಇಟ್ಟುಕೊಳ್ಳಿರಿ, ಕಾಗದದ ಬದಲಿಗೆ ಇಟ್ಟುಕೊಳ್ಳಬೇಡಿರಿ.

ನೋಟೀಸಿನಲ್ಲಿ ಏನಿರಬೇಕು?

ಮನೆಯ ಗುರುತು, ಬಾಡಿಗೆಯ ಮೊತ್ತ, ಬಾಡಿಗೆಯನ್ನು ಕೊನೆಗೊಳಿಸುವೆನೆಂಬ ಸ್ಪಷ್ಟವಾದ ಮಾತು, ಬಿಡುವ ದಿನ, ಬರೆದವನ ರುಜು, ಇಷ್ಟು ಇದ್ದರೆ ಸಾಕು. ಕಾರಣವನ್ನು ಬರೆಯಲೇಬೇಕೆಂದಿಲ್ಲ. ಹಳೆಯ ಕೋಪತಾಪಗಳನ್ನಂತೂ ಬರೆಯಲೇಬಾರದು. ಸ್ಪಷ್ಟತೆಯು ಎಲ್ಲಕ್ಕಿಂತ ಮುಖ್ಯ. "ಬಾಡಿಗೆ ಹೆಚ್ಚಿಸಿ, ಇಲ್ಲವೆ ನೋಡಿಕೊಳ್ಳುತ್ತೇನೆ" ಎಂಬುದು ಬೆದರಿಕೆಯಾದೀತೇ ಹೊರತು ನೋಟೀಸಾಗದು. ಹಾಗೆಂದು ಸಣ್ಣಪುಟ್ಟ ಅಕ್ಷರದೋಷಗಳಿಗೆ ಹೆದರಬೇಕಾಗಿಲ್ಲ. ಇಂಥ ನೋಟೀಸುಗಳನ್ನು ತಪ್ಪು ಹುಡುಕುವ ದೃಷ್ಟಿಯಿಂದ ಓದದೆ, ಬರೆದವನ ಅಭಿಪ್ರಾಯವು ಓದಿದವನಿಗೆ ತಿಳಿಯುವಂತಿದೆಯೇ ಎಂದು ನೋಡಬೇಕೆಂದು ಪ್ರಿವಿ ಕೌನ್ಸಿಲು ೧೯೧೮ರಲ್ಲಿಯೇ ಹೇಳಿತು. ನಮ್ಮ ಕೋರ್ಟುಗಳು ಅದನ್ನು ಅನುಸರಿಸುತ್ತಾ ಬಂದಿವೆ.

ಬಾಡಿಗೆದಾರರ ಉಪಯೋಗಕ್ಕಾಗಿ ಒಂದು ಮಾದರಿಯನ್ನು ಇಲ್ಲಿ ಕೊಟ್ಟಿದೆ:

"ಸ್ಥಳ ........ ದಿನಾಂಕ ........

ಶ್ರೀಮತಿ ........ ಅವರಿಗೆ, ........ ಬೀದಿಯ ........ ನೆಯ ನಂಬರಿನ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗೆ ಇರುವ ........ ಮಾಡುವ ವಿಜ್ಞಾಪನೆ.

ದಿನಾಂಕ ........ ರ ಕರಾರಿನ ಮೇರೆಗೆ ತಿಂಗಳಿಗೆ ರೂಪಾಯಿ ........ ಬಾಡಿಗೆಯಂತೆ ತಮ್ಮ ಮನೆಯಲ್ಲಿ ವಾಸವಾಗಿದ್ದೇನೆ. ಈ ಬಾಡಿಗೆಯನ್ನು ಕೊನೆಗೊಳಿಸಲು ನಿಶ್ಚಯಿಸಿ ಕರಾರಿನಂತೆ ಎರಡು ತಿಂಗಳ ಮುನ್ಸೂಚನೆಯನ್ನು ಈ ಪತ್ರದ ಮೂಲಕ ಕೊಟ್ಟಿರುತ್ತೇನೆ. ದಿನಾಂಕ ........ ರಂದು ಮನೆಯನ್ನು ತೆರವು ಮಾಡಿ ಬೀಗದ ಕೈಗಳನ್ನು ತಮಗೆ ಒಪ್ಪಿಸುವೆನು. ಅಲ್ಲಿಯವರೆಗಿನ ಬಾಡಿಗೆಯನ್ನೂ ವಿದ್ಯುತ್ತು ಮತ್ತು ನೀರಿನ ಹಣವನ್ನೂ ಸಲ್ಲಿಸುವೆನು. ಮುಂಗಡವಾಗಿ ತಮ್ಮಲ್ಲಿರುವ ರೂಪಾಯಿ ........ ಯಲ್ಲಿ ಯಾವುದಾದರೂ ಕಡಿತವಿದ್ದರೆ ಅದರ ಲೆಕ್ಕವನ್ನು ತಿಳಿಸಿ, ಉಳಿದುದನ್ನು ಆ ದಿನವೇ ಕೊಡಿಸಬೇಕಾಗಿ ಬೇಡುತ್ತೇನೆ.

ರುಜು ........"

ಯಜಮಾನರು ಬರೆಯುವುದಾದರೆ ಇದನ್ನೇ ತಿರುಗಿಸಿ, ತಾವು ಬಾಡಿಗೆಯನ್ನು ಕೊನೆಗೊಳಿಸಿರುವುದಾಗಿಯೂ ಇಂಥ ದಿನದೊಳಗೆ ಮನೆಯನ್ನು ತೆರವು ಮಾಡಿ ಒಪ್ಪಿಸಬೇಕೆಂದೂ ಬರೆದರಾಯಿತು. ಮನೆಗೆ ಇಬ್ಬರು ಮೂವರು ಒಡೆಯರಿದ್ದರೆ ಎಲ್ಲರ ರುಜುವೂ ಇರಲಿ. ಬಾಡಿಗೆದಾರರು ಇಬ್ಬರಿದ್ದರೆ ಇಬ್ಬರ ಹೆಸರಿಗೂ ಕಳುಹಿಸಲಿ.

ಕೊಟ್ಟ ನೋಟೀಸು ಕೆಡುವುದು ಹೇಗೆ?

ಸರಿಯಾದ ನೋಟೀಸನ್ನು ಕೊಟ್ಟು, ತಮ್ಮ ನಡತೆಯಿಂದಲೇ ಅದನ್ನು ಕೆಡಿಸಿಕೊಳ್ಳುವವರುಂಟು. ಅವಧಿ ಮುಗಿದ ಮೇಲೆಯೂ ಬಾಡಿಗೆದಾರನು ಇದ್ದಾನೆ. ತಿಂಗಳ ಮೊದಲಲ್ಲಿ ಬಾಡಿಗೆ ತಂದುಕೊಟ್ಟನು. ಯಜಮಾನನು ಎಂದಿನಂತೆ ತೆಗೆದುಕೊಂಡು ರಶೀದಿ ಬರೆದುಕೊಟ್ಟನು. ಹೀಗೆ ಅವಧಿಯ ತರುವಾಯದ ಬಾಡಿಗೆಯನ್ನು ಬಾಡಿಗೆಯೆಂದೇ ಸ್ವೀಕರಿಸಿದರೆ ಕೊಟ್ಟ ನೋಟೀಸನ್ನು ಬಿಟ್ಟುಕೊಟ್ಟಂತೆ ಎಂದು ೧೧೩ನೆಯ ಕಲಮಿನಲ್ಲಿ ಉದಾಹರಣೆಯೇ ಇದೆ. ಹಣ ಬೇಡವೆನ್ನಲಾಗದ ಸ್ಥಿತಿಯಲ್ಲಿರುವವರು, ಇದು ಮನೆಯನ್ನು ಉಪಯೋಗಿಸಿದುದಕ್ಕಾಗಿ ಪಡೆದ ಪರಿಹಾರವೆಂದೂ, ನೋಟೀಸನ್ನು ಬಿಟ್ಟುಕೊಟ್ಟಿಲ್ಲವೆಂದೂ ರಶೀದಿಯಲ್ಲಿಯೇ ಬರೆಯಬೇಕು. ಬಾಡಿಗೆದಾರನಿಗೂ ಎಚ್ಚರಿಕೆಯುಂಟು: ಬಾಡಿಗೆ ಕೊನೆಗಂಡ ಮೇಲೆ ಬಿಡದೆ ಕುಳಿತವನು, ಹಳೆಯ ಬಾಡಿಗೆಯ ದರದಲ್ಲಲ್ಲ, ಆ ಮನೆಗೆ ಪೇಟೆಯಲ್ಲಿ ಬರಬಹುದಾದ ದರದಲ್ಲಿ ನಷ್ಟ ತುಂಬಿಕೊಡಬೇಕಾಗಿ ಬರಬಹುದು.

ಇನ್ನು ಕೆಲವರು ನೋಟೀಸಿನ ಅವಧಿ ಮುಗಿದ ಮರುದಿನವೇ ಬಾಗಿಲಿಗೆ ಮತ್ತೊಂದು ಬೀಗ ಹಾಕುತ್ತಾರೆ, ನೀರು ನಿಲ್ಲಿಸುತ್ತಾರೆ, ದೀಪ ತೆಗೆಸುತ್ತಾರೆ. ಮನೆ ತಮ್ಮದಾದರೂ ಈ ಅಧಿಕಾರ ಅವರಿಗಿಲ್ಲ. ನೋಟೀಸು ಬಾಡಿಗೆಯನ್ನು ಕೊನೆಗೊಳಿಸುತ್ತದೆ. ಮನುಷ್ಯನನ್ನು ಹೊರಕ್ಕೆ ಕಳುಹಿಸುವುದು ಕೋರ್ಟಿನ ಡಿಕ್ರಿ. ಕಾನೂನಿನ ಕ್ರಮವಿಲ್ಲದೆ, ತನ್ನ ಒಪ್ಪಿಗೆಯಿಲ್ಲದೆ ಹೊರದೂಡಲ್ಪಟ್ಟವನು ೧೯೬೩ರ ನಿರ್ದಿಷ್ಟ ಪರಿಹಾರ ಕಾಯಿದೆಯ ೬ನೆಯ ಕಲಮಿನ ಮೇರೆಗೆ ಆರು ತಿಂಗಳೊಳಗೆ ದಾವಾ ಹೂಡಿ ಸ್ವಾಧೀನವನ್ನು ಹಿಂದಕ್ಕೆ ಪಡೆಯಬಹುದು. ನ್ಯಾಯವಾಗಿ ಗೆಲ್ಲಬೇಕಾಗಿದ್ದ ಯಜಮಾನನು ಒಂದು ಬೀಗದಿಂದ ಸೋಲುವುದು ಹೀಗೆ.

ಮುಂಗಡ ಮತ್ತು ಭೋಗ್ಯ

"ಕೊಟ್ಟವನು ಕೋಡಂಗಿ, ಇಸುಕೊಂಡವನು ಈರಭದ್ರ" ಎಂಬ ಗಾದೆಯನ್ನು ಮುಂಗಡ ಕೊಟ್ಟವರು ಆಗಾಗ್ಗೆ ನೆನೆಯುವಂತಾಗುತ್ತದೆ. ಇದನ್ನು ತಪ್ಪಿಸಲು ಉಪಾಯವೆಂದರೆ ಬಿಡುವ ದಿನ ಇಬ್ಬರೂ ಕೂಡಿ ಮನೆಯನ್ನು ಒಮ್ಮೆ ಸುತ್ತಿ ನೋಡುವುದು. ಗೋಡೆ, ಕಿಟಕಿ, ಕೊಳಾಯಿ, ವಿದ್ಯುತ್ತಿನ ಅಳತೆಯ ಅಂಕೆ, ಇವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಮಾಡಲಿ, ಚಿತ್ರಗಳನ್ನು ತೆಗೆದಿಟ್ಟುಕೊಳ್ಳಲಿ. ನ್ಯಾಯವಾದ ಬಳಕೆಯಿಂದ ಆಗುವ ಸವೆತಕ್ಕೆ ಬಾಡಿಗೆದಾರನು ಹೊಣೆಯಲ್ಲವೆಂದು ಕಾಯಿದೆಯೇ ಹೇಳುತ್ತದೆ. ಒಡೆದ ಗಾಜಿಗೆ ಹೊಣೆಯಾಗಿರುತ್ತಾನೆ. ತಾನು ಕೂಡಿಸಿದ ಅಲಮಾರು ಮೊದಲಾದುವನ್ನು, ಮನೆಯನ್ನು ಮೊದಲಿನ ಸ್ಥಿತಿಗೆ ತಂದು, ಬಿಡುವುದಕ್ಕೆ ಮುಂಚೆಯೇ ತೆಗೆದುಕೊಂಡು ಹೋಗಬಹುದು. ಕೊನೆಯ ತಿಂಗಳುಗಳ ಬಾಡಿಗೆಯನ್ನು ಕೊಡದೆ "ಮುಂಗಡದಲ್ಲಿ ಮುರಿದುಕೊಳ್ಳಿ" ಎನ್ನುವುದು ಯಜಮಾನರ ಒಪ್ಪಿಗೆಯಿದ್ದರೆ ಮಾತ್ರ ಸರಿ.

ಬೆಂಗಳೂರು ಮೊದಲಾದ ಊರುಗಳಲ್ಲಿ ಭೋಗ್ಯದ ಪದ್ಧತಿಯುಂಟು. ಲಕ್ಷಗಟ್ಟಲೆ ಹಣವನ್ನು ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸಿಸಿ, ಬಿಡುವಾಗ ಹಣವನ್ನು ಪೂರ್ತಿಯಾಗಿ ಹಿಂದಕ್ಕೆ ಪಡೆಯುವ ಏರ್ಪಾಡಿದು. ಒಂದು ಕುಟುಂಬದ ಜೀವಮಾನದ ಉಳಿತಾಯವು ಇಲ್ಲಿ ಬೇರೊಬ್ಬರ ಕೈಯಲ್ಲಿರುತ್ತದೆ. ಹಣ ತೆಗೆದುಕೊಂಡವರು ಅದನ್ನು ಖರ್ಚುಮಾಡಿರುವುದೇ ಹೆಚ್ಚು. ಮತ್ತೊಬ್ಬರು ಬಂದು ಹಣ ಕೊಟ್ಟರೆ ಇವರಿಗೆ ಹಿಂದಿರುಗಿಸುತ್ತಾರೆ. ಆದಕಾರಣ ಇಂಥ ಪತ್ರವನ್ನು ನೋಂದಾಯಿಸಿಯೇ ತೀರಬೇಕು. ಕನಿಷ್ಠಪಕ್ಷ ಮೂರು ತಿಂಗಳ ಮುನ್ಸೂಚನೆಯನ್ನು ಅದರಲ್ಲಿಯೇ ಗೊತ್ತುಮಾಡಬೇಕು. ಹಣವು ಕೈಗೆ ಬರುವುದೂ ಬೀಗದ ಕೈ ಒಪ್ಪಿಸುವುದೂ ಒಂದೇ ಹೊತ್ತಿನಲ್ಲಿ ನಡೆಯಬೇಕೆಂದು ಬರೆಯಬೇಕು. ಮೊದಲು ಬೀಗದ ಕೈ ಕೊಟ್ಟು ತರುವಾಯ ಹಣಕ್ಕಾಗಿ ಅಲೆಯುವುದು ಬೇಡ.

ಉದ್ಯೋಗವನ್ನು ಬಿಡುವಾಗ

ಉದ್ಯೋಗದಲ್ಲಿಯೂ ಮೊದಲು ನೋಡಬೇಕಾದುದು ನೇಮಕದ ಪತ್ರ. ಒಂದು ತಿಂಗಳೋ ಮೂರು ತಿಂಗಳೋ, ಅಥವಾ ಅಷ್ಟು ದಿನದ ಸಂಬಳವೋ ಎಂಬುದನ್ನು ಅದು ಹೇಳುತ್ತದೆ. ರಾಜೀನಾಮೆಯಲ್ಲಿ ಬರೆದ ದಿನ, ಕೆಲಸದ ಕೊನೆಯ ದಿನ, ಇವೆರಡನ್ನೂ ಕಾಣಿಸಿ, ತಲಪಿದುದಕ್ಕೆ ಗುರುತು ಪಡೆಯಬೇಕು. ಮುನಿಸಿನಲ್ಲಿ ಬರೆದ ರಾಜೀನಾಮೆಯ ಬಗ್ಗೆ ಒಂದು ಸಮಾಧಾನದ ಮಾತಿದೆ: ಮುಂದಿನ ಒಂದು ದಿನದಿಂದ ಜಾರಿಗೆ ಬರುವಂತೆ ಬರೆದ ರಾಜೀನಾಮೆಯನ್ನು, ಬೇರೆ ನಿಯಮವು ಅಡ್ಡಿಯಾಗದಿದ್ದರೆ, ಆ ದಿನ ಬರುವ ಮೊದಲು ಹಿಂತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟು ೧೯೭೮ರಲ್ಲಿ ತೀರ್ಪಿತ್ತಿದೆ. ಒಂದು ರಾತ್ರಿ ಕಳೆದ ಮೇಲೆ ಬರೆಯುವುದು ಅದಕ್ಕಿಂತಲೂ ಮೇಲು.

ಅವಧಿಗೆ ಮುಂಚೆ ಬಿಟ್ಟವನನ್ನು ಕೆಲಸಕ್ಕೆ ಎಳೆತರಲು ಕೋರ್ಟು ಆಜ್ಞೆ ಮಾಡುವುದಿಲ್ಲ. ಆದರೆ ಒಪ್ಪಿ ಬರೆದುಕೊಟ್ಟ ನಷ್ಟಪರಿಹಾರವನ್ನು ಕೊಡಿಸಬಹುದು. ನಮ್ಮ ನಾಡಿನ ಒಂದು ಬ್ಯಾಂಕಾಗಿದ್ದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟುದಕ್ಕೆ ಎರಡು ಲಕ್ಷ ರೂಪಾಯಿ ಕೊಡಬೇಕಾಗಿ ಬಂದ ವ್ಯಾಜ್ಯದಲ್ಲಿ, ಆ ನಿಬಂಧನೆಯು ಸಿಂಧುವೆಂದು ಸುಪ್ರೀಂ ಕೋರ್ಟು ೨೦೨೫ನೆಯ ಮೇ ತಿಂಗಳಲ್ಲಿ ಹೇಳಿತು. ರುಜು ಮಾಡುವ ಮುನ್ನ ಓದಿಕೊಳ್ಳಬೇಕೆಂಬ ಹಳೆಯ ಬುದ್ಧಿವಾದಕ್ಕೆ ಇದೊಂದು ಹೊಸ ನಿದರ್ಶನ.

ಕೆಲಸದಿಂದ ತೆಗೆಯುವವರಿಗೂ ಕಟ್ಟುಪಾಡುಗಳುಂಟು. ೧೯೬೧ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ೩೯ನೆಯ ಕಲಮಿನಂತೆ, ಆರು ತಿಂಗಳು ಸತತವಾಗಿ ದುಡಿದವನನ್ನು ತಕ್ಕ ಕಾರಣವಿಲ್ಲದೆ, ಒಂದು ತಿಂಗಳ ಮುನ್ಸೂಚನೆಯನ್ನಾಗಲಿ ಅದರ ಬದಲಿಗೆ ಸಂಬಳವನ್ನಾಗಲಿ ಕೊಡದೆ ತೆಗೆಯಲಾಗದು. ದುರ್ನಡತೆಯು ವಿಚಾರಣೆಯಲ್ಲಿ ಸಾಬೀತಾದ ಸಂದರ್ಭ ಬೇರೆ. ಕಾರ್ಖಾನೆಯ ಕೆಲಸಗಾರನನ್ನು ಹೆಚ್ಚುವರಿಯೆಂದು ತೆಗೆಯುವುದಾದರೆ, ಒಂದು ವರ್ಷದ ಸೇವೆಯಿರುವವನಿಗೆ ಒಂದು ತಿಂಗಳ ನೋಟೀಸೂ, ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಪರಿಹಾರವೂ ಸಲ್ಲಬೇಕು. ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಗೆ ೧೯೫೩ರಲ್ಲಿ ಸೇರಿದ ಈ ನಿಯಮವು, ೨೦೨೫ನೆಯ ನವೆಂಬರ್ ೨೧ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿಯೂ ಉಳಿದುಬಂದಿದೆ. ಕೆಲಸ ಬಿಟ್ಟವನಿಗಾಗಲಿ ತೆಗೆಯಲ್ಪಟ್ಟವನಿಗಾಗಲಿ ಬರಬೇಕಾದ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡತಕ್ಕದ್ದೆಂದು ಅದೇ ದಿನ ಜಾರಿಗೆ ಬಂದ ವೇತನ ಸಂಹಿತೆಯು ಹೇಳುತ್ತದೆ.

ಕೊನೆಗೆ ನಮ್ಮ ನಮ್ಮ ಅಡಿಗೆಮನೆಯ ಕಡೆಗೂ ಒಮ್ಮೆ ನೋಡೋಣ. ಪಾತ್ರೆ ತೊಳೆಯುವಾಕೆ ಮುಂಚೆ ಹೇಳದೆ ಕೆಲಸ ಬಿಟ್ಟಳೆಂದು ದೂರುವ ಗೃಹಿಣಿಯರು ಬಹಳ. ಆದರೆ "ನಾಳೆಯಿಂದ ಬರಬೇಡ" ಎಂದು ಬೆಳಗಿನ ಹೊತ್ತು ಅವಳಿಗೆ ಹೇಳುವವರು ಯಾರು? ಅವಳಿಗೆ ನೇಮಕದ ಪತ್ರವಿಲ್ಲ, ತೋರಿಸಲು ಕರಾರಿಲ್ಲ. ಆ ತಿಂಗಳ ಬಾಡಿಗೆಯನ್ನು ಅವಳೂ ಯಾರಿಗೋ ಕೊಡಬೇಕಾಗಿದೆ. ಒಂದು ತಿಂಗಳು ಮುಂಚೆ ಹೇಳುವುದು, ಸಾಧ್ಯವಾಗದಿದ್ದರೆ ಒಂದು ತಿಂಗಳ ಸಂಬಳವನ್ನು ಕೈಯಲ್ಲಿಟ್ಟು ಕಳುಹಿಸುವುದು, ಇದನ್ನು ಪ್ರತಿಯೊಂದು ಮನೆಯೂ ತನ್ನ ಪದ್ಧತಿಯಾಗಿ ಮಾಡಿಕೊಳ್ಳಬಹುದು. ಅವಳಿಂದಲೂ ಅದನ್ನೇ ಕೇಳಬಹುದು. ತನಗೆ ಮೇಲಿನವರಿಂದ ಯಾವ ಮರ್ಯಾದೆಯನ್ನು ಬಯಸುತ್ತಾನೋ ಅದನ್ನು ತನ್ನ ಕೈಕೆಳಗಿನವರಿಗೆ ಕೊಡುವವನೇ ಗೃಹಸ್ಥನು.

ಈ ಲೇಖನವು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು. 'ವಕೀಲರ ಖರ್ಚೇಕೆ' ಎಂದು ಇದನ್ನೇ ಹಿಡಿದು ಯಾರೂ ಕೋರ್ಟಿಗೆ ಹೋಗಬಾರದು. ಹಣ ದೊಡ್ಡದಾಗಿದ್ದರೆ, ಅಥವಾ ಎದುರಿನವರು ಆಗಲೇ ಮುನಿದಿದ್ದರೆ, ಬಲ್ಲವರನ್ನು ಕೇಳಿಯೇ ಬರೆಯುವುದು ಒಳ್ಳೆಯದು. ಉಳಿದವರೆಲ್ಲರೂ ಇಂದು ಸಂಜೆ ಒಂದು ಸಣ್ಣ ಕೆಲಸ ಮಾಡಲಿ. ಪೆಟ್ಟಿಗೆಯಲ್ಲಿರುವ ಕರಾರು ಪತ್ರವನ್ನೂ ನೇಮಕದ ಪತ್ರವನ್ನೂ ತೆಗೆದು, ನೋಟೀಸಿನ ಅವಧಿ ಎಷ್ಟೆಂದು ಓದಿ, ಮನೆಯ ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಡಲಿ. ಬಿಡುವ ದಿನ ಬಂದಾಗ ಅದನ್ನು ಹುಡುಕುವ ಆತುರ ಅವರಿಗೆ ಇರುವುದಿಲ್ಲ.